ಕಿವಿಯೊಳಗಿನ ಹತ್ತಿ

ಅವರ ಎಡಗೈಯಲ್ಲಿ ಉಳಿದಿದ್ದದ್ದು ಎರಡೂವರೆ ಬೆರಳು. ಮಿಕ್ಕದ್ದನ್ನು ಅವರ ಎಳೆಹರೆಯದಲ್ಲೇ ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನ ರೋಲರು ತಿಂದುಹಾಕಿತ್ತು. ಅಂಥ ಕೈಯಲ್ಲಿ ಅವರು ಕರೆಂಟಿನ ಗಿಟಾರು ನುಡಿಸುತ್ತಿದ್ದರು. ಅದೂ ಆದೋನಿಯಲ್ಲಿ, ಅದೂ ಐವತ್ತರ ದಶಕದಲ್ಲಿ, ಅದೂ ಒಬ್ಬರೇ ಕೂತು ನಾಲ್ಕು ಜನರಷ್ಟು. ಹೀಗೆಂದರೆ ಈಗಿನ ಹುಡುಗರು ನನ್ನ ಮುಖವನ್ನೇ ನೋಡುತ್ತಾರೆ. ನೋಡಲಿ. ನಾನು ಯಾರನ್ನೂ ಸುಮ್ಮಸುಮ್ಮನೆ ಹೊಗಳುವವಳಲ್ಲ. ಹೆಣ್ಣುಮಕ್ಕಳ ಶಾಲೆಯಲ್ಲಿ ಜೀವಮಾನ ಕಳೆದು, ಹೋದ ಕಡೆಯೆಲ್ಲ ಜೋರುಬಾಯಿಯ ಟೀಚರಮ್ಮ ಎಂದು ಹೆಸರು ತಗೊಂಡವಳು. ನನ್ನ ಬಾಯಿ ಮುಚ್ಚಿಸಿದ ಮನುಷ್ಯ ಅವರೊಬ್ಬರೇ. ಹೆಸರು ಬರೆಯುವುದಿಲ್ಲ. ಊರವರು ಕರೆಯುತ್ತಿದ್ದಂತೆ ಸಾವ್ಕಾರ್ರು ಎಂದರೆ ಸಾಕು.

ಬಳ್ಳಾರಿಯನ್ನು ಮೈಸೂರಿಗೂ ಆದೋನಿಯನ್ನು ಆಂಧ್ರಕ್ಕೂ ಹಂಚಿ ಇನ್ನೂ ಬಹಳ ದಿನವಾಗಿರಲಿಲ್ಲ. ನಾನು ಬಳ್ಳಾರಿಯಿಂದ ಆದೋನಿಗೆ ಕನ್ನಡ ಕಲಿಸಲು ಹೊರಟಾಗ ನಮ್ಮಮ್ಮ ಪರದೇಶಕ್ಕೆ ಕಳಿಸುವವಳಂತೆ ಅತ್ತಿದ್ದಳು. ಅಲ್ಲಿ ಬಾಡಿಗೆಗೆ ಸಿಕ್ಕದ್ದು ಸಾವ್ಕಾರ್ರ ಮನೆಯ ಮಾಳಿಗೆಯ ಕೋಣೆ. ಮನೆಯ ಹಿಂದೆಯೇ ಅವರ ಹತ್ತಿ ಗೋದಾಮು. ಮೊದಲ ದಿನ ಅವರ ಹೆಂಡತಿಯನ್ನು, ಹಣೆಗೆ ಅಗಲವಾಗಿ ವಿಭೂತಿ ಹಚ್ಚಿಕೊಂಡು ಪಡಸಾಲೆಯಲ್ಲಿ ಕೂತಿದ್ದ ಅಕ್ಕನನ್ನು, ನಲ್ಲಿ ಎಲ್ಲಿದೆ ಎಂದು ಕೇಳಿದೆ. ನಕ್ಕರು. ಮತ್ತೆ ಕೇಳಿದೆ. ಮತ್ತೂ ನಕ್ಕರು. ಇದೇನು ಸೊಕ್ಕಪ್ಪಾ ಎಂದು ದನಿ ಏರಿಸಿದೆ. ಒಳಗಿನಿಂದ ಸಾವ್ಕಾರ್ರು ಬಂದರು.

"ಟೀಚರಮ್ಮ, ದನಿ ಏರಸಬ್ಯಾಡ್ರಿ, ಇಳಸ್ರಿ. ಆಕಿಗೆ ಗಂಡಸರ ದಪ್ಪ ದನಿ ಕೇಳ್ತೈತಿ. ಹೆಂಗಸರದು ಕೇಳಂಗಿಲ್ಲ."

ನಾನು ಕೆಮ್ಮಿ, ಎದೆಯೊಳಗಿಂದ ದನಿ ಎಳೆದು, ಪೊಲೀಸಿನವನಂತೆ "ನಲ್ಲಿ ಎಲ್ಲೈತ್ರಿ ಅಕ್ಕಾ?" ಎಂದೆ. ಅಕ್ಕನ ಮುಖ ಅರಳಿತು. "ಹಿತ್ತಲದಾಗೈತಿ ನೋಡವ್ವ" ಎಂದರು. ಅವತ್ತಿನಿಂದ ಆ ಮನೆಯ ಕೆಳಗಿನ ಅಂಕಣದಲ್ಲಿ ನಾನು ಗಂಡಸಾದೆ.

ಅಕ್ಕನಿಗೆ ಮೊದಲು ಹೋದದ್ದು ಗುಬ್ಬಿಯ ಸದ್ದಂತೆ. ಆಮೇಲೆ ಬಳೆಯದು, ಆಮೇಲೆ ಮಕ್ಕಳ ಮಾತು. ಮದ್ರಾಸಿಗೆ ಕರೆದುಕೊಂಡು ಹೋಗಿ ತೋರಿಸಿದ್ದರು. ಸಣ್ಣ ಸದ್ದಿನಿಂದ ದಪ್ಪ ಸದ್ದಿನ ಕಡೆಗೆ ಒಂದೊಂದಾಗಿ ಹೋಗುತ್ತ ಬರುತ್ತದೆ, ಎರಡು ಮೂರು ವರ್ಷಕ್ಕೆ ಎಲ್ಲ ಮುಗಿಯುತ್ತದೆ, ಮದ್ದಿಲ್ಲ ಎಂದು ಅಲ್ಲಿನ ಡಾಕ್ಟರು ಹೇಳಿ ಕಳಿಸಿದ್ದರು. ಇದರಲ್ಲಿ ಹೊಟ್ಟೆ ಉರಿಯುವ ಮಾತೊಂದಿತ್ತು. ಅಕ್ಕ ಹಾಡುವವರು. ತುಂಗಭದ್ರೆಯ ದಂಡೆಯ ನಾಗಲದಿನ್ನೆ ಅವರ ತವರು. ಅಲ್ಲಿ ಅವ್ವ ಮಗಳು ಎದುರುಬದುರು ಕೂತು ಜೋಳ ಬೀಸುತ್ತ ಹೇಳುವ ಹಾಡೊಂದಿತ್ತಂತೆ. ಅವ್ವ ಒಂದು ಸಾಲು ಎತ್ತಿದರೆ ಮಗಳು ಅದನ್ನು ಹಿಡಿದು ತಿರುಗಿಸಬೇಕು. ಅವ್ವ ಸತ್ತ ಮೇಲೆ ಅಕ್ಕ ಎರಡು ಪಾಲನ್ನೂ ಒಬ್ಬರೇ ಹೇಳಿಕೊಂಡು ಅಡಿಗೆಮನೆಯಲ್ಲಿ ಓಡಾಡುತ್ತಿದ್ದರು. ಕಿವಿ ಹೋಗಹತ್ತಿದ ಮೇಲೆ ಅದೂ ನಿಂತಿತು. ಯಾಕೆ ನಿಲ್ಲಿಸಿದಿರಿ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ನನ್ನ ದನಿ ನನಗs ಕೇಳ್ಸಲ್ಲವ್ವ. ಮತ್ತ ಯಾರಿಗಂತ ಹಾಡ್ಲಿ?" ಎಂದರು.

ಸಾವ್ಕಾರ್ರ ತಲೆಯೊಳಗೆ ಹೊಕ್ಕ ಹುಳ ಇದೇ. ಕಿವಿ ಪೂರ್ತಿ ಮುಚ್ಚುವುದರೊಳಗೆ ಆಕೆಯ ಹಾಡನ್ನು ಆಕೆಗೆ ಒಮ್ಮೆ ಕೇಳಿಸಬೇಕು. ಅವ್ವನ ಪಾಲು, ಮಗಳ ಪಾಲು, ಬೀಸುವ ಕಲ್ಲು, ಎಲ್ಲ ಸೇರಿ.

ಗಿಟಾರು ಅದಕ್ಕೂ ಹಿಂದೆ ಬಂದದ್ದು. ಹತ್ತಿ ವ್ಯಾಪಾರಕ್ಕೆ ಬೊಂಬಾಯಿಗೆ ಹೋದಾಗ ಒಂದು ಹೋಟೆಲಿನಲ್ಲಿ ಯಾರೋ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತಂತಿಯ ಮೇಲೆ ಉಕ್ಕಿನ ಕಡ್ಡಿ ಜಾರಿಸುತ್ತ ನುಡಿಸುವುದನ್ನು ಕಂಡರಂತೆ. ತಂತಿ ಒತ್ತಲು ಬೆರಳೇ ಬೇಡ! ಕಡ್ಡಿ ಹಿಡಿಯಲು ಎರಡೂವರೆ ಸಾಕು. ಅಲ್ಲಿಂದ ಉದ್ದನೆಯ ಪೆಟ್ಟಿಗೆ ಹೊತ್ತು ಆದೋನಿ ಸ್ಟೇಷನ್ನಿನಲ್ಲಿ ಇಳಿದಾಗ, ಸಾವ್ಕಾರ ಬಂದೂಕು ತಂದಾನ ಎಂದು ಬಜಾರಿನಲ್ಲಿ ಎರಡು ದಿನ ಅದೇ ಮಾತು. ಯಾರೂ ಕಲಿಸಲಿಲ್ಲ. ಹತ್ತಿಯ ಎಳೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಎಳೆದೆಳೆದು ನೋಡುವ ಹಾಗೆ ಒಂದೊಂದು ಸ್ವರವನ್ನೂ ಎಳೆದು ನೋಡಿ ಕಲಿತರು. ಮಾತಿನ ನಡುವೆಯೂ ಆ ಬೆರಳುಗಳು ಸುಮ್ಮನಿರುತ್ತಿರಲಿಲ್ಲ, ಗಾಳಿಯಲ್ಲಿ ಏನನ್ನೋ ಎಳೆಯುತ್ತಲೇ ಇರುತ್ತಿದ್ದವು.

ಜೊತೆಗೆ ನುಡಿಸುವವರು ಊರಲ್ಲಿ ಯಾರಿದ್ದರು? ಭಜನೆಯ ಹಾರ್ಮೋನಿಯಮ್ಮಿನವರು ಒಂದು ದಿನ ಬಂದು, ಆ ಜಾರುವ ಸ್ವರಕ್ಕೆ ತಲೆ ತಿರುಗಿ, ಚಹಾ ಕುಡಿದು ಎದ್ದು ಹೋದರು. ಆಗ ಸಾವ್ಕಾರ್ರು ತಮಗೆ ತಾವೇ ಜೊತೆಗಾರರಾದರು. ಚಕ್ರದ ಮೇಲೆ ಟೇಪು ಸುತ್ತುವ ದೊಡ್ಡ ರೆಕಾರ್ಡರು ಒಂದಿತ್ತು, ಇನ್ನೊಂದನ್ನು ತರಿಸಿದರು. ಮೊದಲನೆಯದರಲ್ಲಿ ಒಂದು ಪಾಲು ನುಡಿಸಿ ಹಿಡಿಯುವುದು. ಅದನ್ನು ಹಾಡಲು ಬಿಟ್ಟು ಅದರ ಪಕ್ಕ ಕೂತು ಇನ್ನೊಂದು ಪಾಲು ನುಡಿಸುವುದು. ಎರಡೂ ಸೇರಿದ್ದನ್ನು ಎರಡನೆಯ ರೆಕಾರ್ಡರು ಹಿಡಿಯುತ್ತದೆ. ಮತ್ತೆ ಅದನ್ನು ಹಾಡಲು ಬಿಟ್ಟು ಮೂರನೆಯದು. ಆಮೇಲೆ ನಾಲ್ಕನೆಯದು. ಕೇಳಲು ಸುಲಭ. ಆದರೆ ಒಮ್ಮೆ ಸೇರಿದ್ದು ಮತ್ತೆ ಬೇರೆಯಾಗದು. ಒಂದು ಪಾಲು ಜೋರಾಯಿತೆಂದರೆ ಅದನ್ನಷ್ಟೇ ತಗ್ಗಿಸಲು ಬರುವುದಿಲ್ಲ, ಎಲ್ಲವನ್ನೂ ಮೊದಲಿನಿಂದ ಮಾಡಬೇಕು. ಮೇಲಾಗಿ ಪ್ರತಿ ಸಲ ಒಂದು ಟೇಪಿನಿಂದ ಇನ್ನೊಂದಕ್ಕೆ ಹೋಗುವಾಗ ಹಳೆಯ ಪಾಲು ಒಂದಿಷ್ಟು ಮಸುಕಾಗುತ್ತದೆ. ಅದಕ್ಕೇ ಮಸುಕಾದರೂ ನಡೆಯುವ ಕಲ್ಲಿನ ಸದ್ದು ಮೊದಲು, ಅದರ ಮೇಲೆ ಶ್ರುತಿ, ಆಮೇಲೆ ಅವ್ವನ ಪಾಲು, ಕೊನೆಗೆ ಮಗಳದು.

"ಸಾರಿಗೆ ಬಿದ್ದ ಉಪ್ಪು ತೆಗ್ಯಾಕ ಬರ್ತೈತೇನ್ರಿ ಟೀಚರಮ್ಮ? ಹಾಕೋದ್ರಾಗs ಕೈ ನೆಟ್ಟಗಿರ್ಬೇಕು" ಎನ್ನುತ್ತಿದ್ದರು.

ಯಾವುದು ಜೋರು, ಯಾವುದು ಮೆಲ್ಲಗೆ ಎನ್ನುವುದನ್ನೆಲ್ಲ ಅವರು ದೂರದಿಂದಲೇ ಹೊಂದಿಸುತ್ತಿದ್ದರು. ನಡುವೆ ಮೈಕು. ಹಳೆಯ ಪಾಲು ಹಾಡುವ ಪೆಟ್ಟಿಗೆ ಒಂದು ಕಡೆ, ಗಿಟಾರಿನ ಪೆಟ್ಟಿಗೆ ಇನ್ನೊಂದು ಕಡೆ. ಗೇಣು ಹಿಂದಕ್ಕೆ, ಬೆರಳಷ್ಟು ಮುಂದಕ್ಕೆ ಸರಿಸಿ, ಸರಿಹೋದ ಕಡೆ ನೆಲಕ್ಕೆ ಸುಣ್ಣದ ಗೆರೆ. ಗೋದಾಮಿನ ನೆಲ ನೋಡಿದರೆ ಮಕ್ಕಳು ಕುಂಟಾಬಿಲ್ಲೆ ಆಡಿ ಹೋದಂತೆ ಕಾಣುತ್ತಿತ್ತು.

ಇದೆಲ್ಲ ಗೋದಾಮಿನಲ್ಲೇ ಯಾಕೆ? ಪ್ರೆಸ್ಸಿನಲ್ಲಿ ಒತ್ತಿ ಗೋಣಿತಟ್ಟು ಸುತ್ತಿದ ಹತ್ತಿ ಬೇಲುಗಳು ಸೂರಿನ ತನಕ ಒಟ್ಟಿದ್ದರೆ, ನಡುವಿನ ಜಾಗದಲ್ಲಿ ಚಪ್ಪಾಳೆ ಹೊಡೆದರೂ ಅದು ಅಲ್ಲೇ ಬಿದ್ದು ಸಾಯುತ್ತದೆ. ಹೊರಗಿನದು ಒಳಗೆ ಬಾರದು, ಒಳಗಿನದು ಮರಳಿ ಬಾರದು. ನಾನು ಮೊದಲ ಸಲ ಅಲ್ಲಿ ಮಾತಾಡಿದಾಗ ನನ್ನ ಜೋರುಬಾಯಿಯೇ ನನಗೆ ಯಾರದೋ ಅನಿಸಿತು. ಇನ್ನು ದಿನ? ಅಮಾವಾಸ್ಯೆ ಮಾತ್ರ. ನಮ್ಮ ಕಡೆ ಅಮಾವಾಸ್ಯೆಯ ದಿನ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಹಮಾಲರು ಬೇಲು ಮುಟ್ಟುವುದಿಲ್ಲ, ಜಿನ್ನು ಪ್ರೆಸ್ಸು ಎಲ್ಲ ಬಂದ್. ಉಳಿದ ದಿನ ಜಿನ್ನು ಶುರುವಾಯಿತೋ ಕರೆಂಟು ಕುಗ್ಗುತ್ತಿತ್ತು, ಟೇಪು ನಿದ್ದೆಗಣ್ಣಿನಲ್ಲಿ ಸುತ್ತಿ ಸ್ವರ ಜೋಲು ಬೀಳುತ್ತಿತ್ತು. ಹೀಗಾಗಿ ತಿಂಗಳಿಗೊಂದು ಮಧ್ಯಾಹ್ನ, ಮಧ್ಯಾಹ್ನಕ್ಕೊಂದು ಪಾಲು. ಆದೋನಿಯೆಲ್ಲ ಅಮಾವಾಸ್ಯೆ ಎಂದು ಮೈಚೆಲ್ಲಿ ಮಲಗಿದಾಗ ಈ ಮನುಷ್ಯ ಸ್ನಾನ, ಲಿಂಗಪೂಜೆ ಮುಗಿಸಿ, ತೊಡೆಯ ಮೇಲೆ ಗಿಟಾರು ಮಲಗಿಸಿಕೊಂಡು ಕೂಡುತ್ತಿದ್ದರು.

ನಾನು ಬಂದ ವರ್ಷ ಮೂರು ಪಾಲು ಚೆನ್ನಾಗಿ ಕೂತವು. ನಾಲ್ಕನೆಯ ಅಮಾವಾಸ್ಯೆಯ ಹೊತ್ತಿಗೆ ಮಾಲು ಮಾರಿ ಆಗಿತ್ತು, ಬೇಲೆಲ್ಲ ರೈಲು ಹತ್ತಿ ಹೋಗಿದ್ದವು. ಖಾಲಿ ಗೋದಾಮಿನಲ್ಲೇ ಸಾವ್ಕಾರ್ರು ಕೊನೆಯ ಪಾಲು ನುಡಿಸಿದರು. ಹಾಕಿ ಕೇಳಿದರೆ ಅವ್ವ ಪಕ್ಕದಲ್ಲಿ ಕೂತು ಹಾಡುತ್ತಿದ್ದಾಳೆ, ಮಗಳು ಬಾವಿಯೊಳಗೆ ಬಿದ್ದು ಕೂಗುತ್ತಿದ್ದಾಳೆ! ಹುಟ್ಟಿದಾರಭ್ಯ ಹತ್ತಿಯಲ್ಲೇ ಬೆಳೆದವರಿಗೆ ಹತ್ತಿ ಹೋದರೆ ಜಾಗವೇ ಬೇರೆಯಾಗುತ್ತದೆ ಎಂಬುದು ಹೊಳೆದಿರಲಿಲ್ಲ. ಅವರು ಹಣೆ ಬಡಿದುಕೊಳ್ಳಲಿಲ್ಲ. ಎರಡೂ ಚಕ್ರ ಬಿಚ್ಚಿ ಬಟ್ಟೆಯಲ್ಲಿ ಸುತ್ತಿಟ್ಟು, "ಮುಂದಿನ ಸುಗ್ಗಿಗೆ ನೋಡಾನು" ಎಂದರು. ಆದರೆ ಮುಂದಿನ ಸುಗ್ಗಿಗೆ ಅಕ್ಕನ ಕಿವಿಯಲ್ಲಿ ಎಷ್ಟು ಉಳಿದಿರುತ್ತದೆ ಎಂದು ಯಾರು ಹೇಳಬೇಕು?

ಅವರು ಆ ಇಡೀ ವರ್ಷ ಮಾಡಿದ್ದನ್ನು ನೆನೆದರೆ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ. ಆಕೆಗೆ ಎಷ್ಟು ಕೇಳುತ್ತದೆ ಎಂಬುದು ತಮಗೆ ಗೊತ್ತಾಗಬೇಕಲ್ಲ? ಅದಕ್ಕೆ ತಮ್ಮ ಕಿವಿಗೆ ಹತ್ತಿ ತುರುಕಿಕೊಂಡರು. ಯಾವುದೋ ಹತ್ತಿಯಲ್ಲ. ಉದ್ದ ಎಳೆಯದು, ಗಿಡ್ಡ ಎಳೆಯದು, ಸಡಿಲ ಹಿಂಜಿದ್ದು, ಬಿಗಿಯಾಗಿ ಹೊಸೆದದ್ದು, ಒಂದಿಷ್ಟು ಜೇನುಮೇಣ ಸವರಿದ್ದು. ಬೆಳಿಗ್ಗೆ ಅಕ್ಕನ ಎದುರು ಕೂಡುತ್ತಿದ್ದರು. ನಾನು ಅಕ್ಕನ ಬೆನ್ನ ಹಿಂದೆ ನಿಂತು ತಟ್ಟೆ ಬಡಿಯಬೇಕು, ಕೊಡ ಗುದ್ದಬೇಕು, ಬಾಗಿಲು ದೂಡಬೇಕು. ಕೇಳಿಸಿದರೆ ಅಕ್ಕ ಬೆರಳೆತ್ತುತ್ತಿದ್ದರು. ಇವರೂ ಎತ್ತುತ್ತಿದ್ದರು. ಅಕ್ಕ ಎತ್ತದೆ ಇವರು ಎತ್ತಿದರೆ ಹತ್ತಿ ಇನ್ನಷ್ಟು ಬಿಗಿ. ಇಬ್ಬರ ಬೆರಳೂ ಒಟ್ಟಿಗೆ ಏಳುವ ತನಕ ಬಿಡಲಿಲ್ಲ. ಅಕ್ಕನ ಕಿವಿ ತಗ್ಗಿದಂತೆಲ್ಲ ಹತ್ತಿಯನ್ನೂ ಬದಲಿಸುತ್ತ ಹೋದರು. ಹತ್ತಿ ಇಟ್ಟುಕೊಂಡೇ ಬಜಾರಿಗೆ ಹೋಗುವುದು, ಹತ್ತಿ ಇಟ್ಟುಕೊಂಡೇ ಗಿಟಾರು ನುಡಿಸುವುದು. ಕಿವಿ ಸೋರ್ತಾವೇನ್ರಿ ಎಂದು ಜನ ಮದ್ದು ಹೇಳಿ ಹೇಳಿ ಸುಸ್ತಾದರು.

"ಇದೆಂಥ ಹುಚ್ಚಾಟ ಸಾವ್ಕಾರ್ರೆ?" ಎಂದು ನಾನೊಮ್ಮೆ ಗದರಿದೆ.

"ಹುಚ್ಚಲ್ರಿ. ಆಕಿ ಅದೇ ಮನ್ಯಾಗ ಅದಾಳ, ಖರೆ ಬ್ಯಾರೆ ಊರಾಗ ಅದಾಳ. ಆ ಊರು ಹೆಂಗೈತಂತ ನಾನೂ ಒಮ್ಮೆ ಹೋಗಿ ನೋಡಬ್ಯಾಡೇನು?"

ಅಂದೆನಲ್ಲ, ನನ್ನ ಬಾಯಿ ಮುಚ್ಚಿಸಿದ್ದು ಅವರೊಬ್ಬರೇ ಎಂದು.

ಮರುವರ್ಷ ಸುಗ್ಗಿ ಬಂತು, ಗೋದಾಮು ತುಂಬಿತು. ಹಿಂದಿನ ಮೂರು ಪಾಲು ಬರಿಗಿವಿಯಲ್ಲಿ ನುಡಿಸಿದ್ದು, ಅಕ್ಕನ ಈಗಿನ ಕಿವಿಗೆ ಹೊಂದದು ಎಂದು ಮತ್ತೆ ಮೊದಲಿನಿಂದ ಶುರುವಾಯಿತು. ಈ ಸಲ ಮಾಲು ಮಾರುವ ಮಾತೇ ಇಲ್ಲ. ಕೊಳ್ಳುವವರು ಬಂದರು, ಹೋದರು. ಸಾವ್ಕಾರ್ರು ತಲೆ ಅಲ್ಲಾಡಿಸಿದ್ದೇ ಅಲ್ಲಾಡಿಸಿದ್ದು. ಹಮಾಲರ ಮೇಸ್ತ್ರಿ ಕೈ ಮುಗಿದು ಕೇಳಿದ: "ಇನ್ನಾ ಎಷ್ಟು ದಿನ ಇಟ್ಕಂತೀರಿ ಸಾಮಿ? ರೇಟು ಪಡಿಪೋತೈತಿ, ಬಿದ್ಹೋಗ್ತೈತಿ, ಮಳಿ ಬಂದ್ರ ಮಾಲು ಕೆಡ್ತೈತಿ." ಎದುರಿನ ಅಂಗಡಿಯ ಶೆಟ್ಟರಿಗೆ ಮಾತ್ರ ಬೇರೆಯೇ ಗುಮಾನಿ. ಒಂದು ದಿನ ನನ್ನನ್ನು ದಾರಿಯಲ್ಲೇ ತಡೆದರು.

"ಟೀಚರಮ್ಮ, ನಿಮಗ ಗೊತ್ತಿರ್ತೈತಿ. ಸಾವ್ಕಾರ್ರು ಮಾಲು ಯಾಕ ಹಿಡಿದಾರ? ಬೊಂಬಾಯಿಂದ ಏಮನ್ನಾ ಸುದ್ದಿ ವಚ್ಚಿಂದಾ? ಏನರ ಸುದ್ದಿ ಬಂದೈತೇನು?"

"ಅದೇನಿಲ್ರಿ. ಗಿಟಾರು ನುಡಿಸೋದು ಇನ್ನೊಂದು ಅಮಾವಾಸಿ ಉಳದೈತಂತ."

ಶೆಟ್ಟರು ಹೊಟ್ಟೆ ಕುಣಿಸಿ ನಕ್ಕರು. "ಭಲೇ! ನೀವೂ ಅವರ ಪಾಲ್ಟಿನೇ ಅನ್ರಿ!" ಎಂದು ಹೋದವರು ತಮ್ಮ ಮಾಲನ್ನೂ ಹಿಡಿದಿಟ್ಟರು. ಅವರನ್ನು ನೋಡಿ ಇನ್ನಿಬ್ಬರು ಹಿಡಿದಿಟ್ಟರು. ರೇಟು ಏರಲೇ ಇಲ್ಲ. ಆಮೇಲೆ ಮೂವರೂ ಸಾವ್ಕಾರ್ರನ್ನು ಬಾಯಿಗೆ ಬಂದಂತೆ ಬೈದರು. ನಾನು ನಿಜ ಹೇಳಿದ್ದೆ, ನಂಬದಿದ್ದರೆ ನನ್ನ ತಪ್ಪೇ?

ಆ ನಡುವೆ ಹೈದರಾಬಾದಿನಿಂದ ಸಂಗೀತ ಬಲ್ಲ ನೆಂಟರೊಬ್ಬರು ಬಂದಿದ್ದರು. ಮೂರು ಪಾಲಿನ ತನಕ ಆಗಿದ್ದನ್ನು ಕೇಳಿಸಿದಾಗ ಮುಖ ಕಿವುಚಿದರು. ಎಲ್ಲ ಬರೀ ಗುಂಯ್ ಎನ್ನುತ್ತದೆ, ಅವ್ವನ ಪಾಲನ್ನು ಇಷ್ಟು ಕೆಳಗೆ ಯಾಕೆ ಇಳಿಸಿದಿರಿ, ಮೇಲೆ ತನ್ನಿ ಎಂದರು. ಸುಳ್ಳೇನಲ್ಲ. ನನ್ನ ಕಿವಿಗೂ ಅದು ಕಂಬಳಿ ಹೊದ್ದು ಅತ್ತಂತೆಯೇ ಕೇಳುತ್ತಿತ್ತು. ಸಾವ್ಕಾರ್ರು ಅವರಿಗೆ ಎಲೆಯಡಿಕೆ ಕೊಟ್ಟು, "ನೀವನ್ನೋದು ಖರೆ ಐತ್ರಿ. ನಿಮಗಂತ ಮಾಡೋದಾಗಿದ್ರ ಹಂಗs ಮಾಡ್ತಿದ್ನಿ" ಎಂದರು. ನೆಂಟರು ಹೋದ ಮೇಲೆ ಸುಣ್ಣದ ಗೆರೆಗಳ ನಡುವೆ ಕೂತು ಪೆಟ್ಟಿಗೆಗಳ ದೂರವನ್ನು ಗೇಣು ಹಾಕಿ ಮತ್ತೆ ಅಳೆದರು. ಈ ಸಲವೂ ತಪ್ಪಿದರೆ ಇನ್ನೊಂದು ಸುಗ್ಗಿ ಇಲ್ಲ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅಕ್ಕನಿಗೆ ಆಗಲೇ ನನ್ನ ಪೊಲೀಸು ದನಿಯೂ ಅರ್ಧಮರ್ಧ.

ಮುಂದೇನಾಯಿತು ಎಂಬುದನ್ನು ಮೊದಲೇ ಹೇಳಿ ಮುಗಿಸುತ್ತೇನೆ, ಕೊನೆಗೆ ಅದನ್ನು ಹೇಳಲು ನನಗೆ ಮನಸ್ಸಿಲ್ಲ. ಆ ಮಳೆಗಾಲ ಕಳೆಯುವುದರೊಳಗೆ ಅಕ್ಕನಿಗೆ ಗುಡುಗೂ ಕೇಳದಾಯಿತು. ನನಗೆ ಮದುವೆಯಾಗಿ ಬಳ್ಳಾರಿಗೆ ಮರಳಿದೆ. ಆದೋನಿ ಹತ್ತಿರದ ಗೋನೆಗಂಡ್ಲದ ಕಡೆಯಿಂದ ಬಂದ ಒಬ್ಬರು ಸಾವ್ಕಾರ್ರು ತೀರಿಕೊಂಡ ಸುದ್ದಿಯನ್ನು ಮಾತಿನ ನಡುವೆ, ಮಳೆ ಬೆಳೆಯ ಸುದ್ದಿಯ ಜೊತೆಗೇ ಹೇಳಿದರು. ನಾನು ಅಡಿಗೆಮನೆಗೆ ಹೋಗಿ ಅತ್ತುಬಿಟ್ಟೆ. ಟೇಪು ಏನಾಯಿತೋ ಗೊತ್ತಿಲ್ಲ.

ಈಗ ಆ ಅಮಾವಾಸ್ಯೆ. ಮರುದಿನ ಬೆಳಿಗ್ಗೆ ಬೇಲು ಒಯ್ಯಲು ಬಂಡಿಗಳು ಬರುವುದೆಂದು ನಿಕ್ಕಿಯಾಗಿತ್ತು. ಸಾವ್ಕಾರ್ರು ನಾಲ್ಕನೆಯ ಪಾಲು ನುಡಿಸಿ ಮುಗಿಸಿದರು. ತಿರುಗಿಸಿ ಕೇಳಲಿಲ್ಲ. ನೇರ ಹೋಗಿ ಅಕ್ಕನನ್ನು ಕೈಹಿಡಿದು ಕರೆತಂದು ಹತ್ತಿಯ ಬೇಲೊಂದಕ್ಕೆ ಒರಗಿಸಿ ಕೂಡಿಸಿದರು. ನನ್ನ ಕೈಗೂ ಎರಡು ಹತ್ತಿಯ ಉಂಡೆ ಕೊಟ್ಟರು. "ಇಟ್ಕೊಳ್ರಿ. ಇಲ್ಲಾಂದ್ರ ನಿಮಗ ತಿಳಿಯಂಗಿಲ್ಲ." ಅವರ ಕಿವಿಯಲ್ಲಿ ಹೇಗೂ ಇತ್ತು. ಟೇಪು ಸುತ್ತಿತು.

ಒಂದು ಗಳಿಗೆ ಹತ್ತಿ ಇಡದೆಯೇ ಕೇಳಿದೆ. ಅದೇ ಕಂಬಳಿ, ಅದೇ ಗುಂಯ್, ಮೇಲೆ ಟೇಪಿನ ಸುಯ್ಯೆನ್ನುವ ಸದ್ದು, ತಂತಿಯ ಮೇಲೆ ಉಕ್ಕು ಕೆರೆಯುವ ಸದ್ದು. ಆಮೇಲೆ ಹತ್ತಿ ಒತ್ತಿಕೊಂಡೆ. ದೇವರೇ! ಸುಯ್ಯೆನ್ನುವುದೂ ಹೋಯಿತು, ಕೆರೆತವೂ ಹೋಯಿತು. ಕೆಳಗೆ ಕಲ್ಲು ತಿರುಗುತ್ತಿತ್ತು, ಅದರ ಬೆನ್ನ ಮೇಲೆ ಶ್ರುತಿ ನಿಂತಿತ್ತು, ಒಬ್ಬಳು ಎತ್ತಿದಳು, ಇನ್ನೊಬ್ಬಳು ಹಿಡಿದು ತಿರುಗಿಸಿದಳು. ಯಾರ ಸೆರಗನ್ನೂ ಯಾರೂ ತುಳಿಯಲಿಲ್ಲ. ಎರಡೂವರೆ ಬೆರಳಿನ ಒಬ್ಬ ಗಂಡಸು ನುಡಿಸಿದ್ದು ಅದು ಎಂದು ನನಗೆ ನೆನಪೇ ಹೋಯಿತು. ಇಡೀ ಲೋಕದಲ್ಲಿ ಒಂದು ಜೊತೆ ಕಿವಿಗೆಂದು ಮಾಡಿದ ಸಂಗೀತವನ್ನು ನಾನು ಕದ್ದು ಕೇಳುತ್ತಿದ್ದೆ.

ಅಕ್ಕ ಮೊದಲು ಸುಮ್ಮನೆ ಕೂತಿದ್ದರು. ಸಾವ್ಕಾರ್ರು ಅವರ ಮುಖದಿಂದ ಕಣ್ಣು ಕೀಳಲಿಲ್ಲ. ಹತ್ತಿ ಇಟ್ಟುಕೊಂಡಾಗಿನಿಂದ ಆಕೆಯ ಮಾತನ್ನು ಅವರು ತುಟಿ ನೋಡಿಯೇ ತಿಳಿಯುತ್ತಿದ್ದರು. ಆಮೇಲೆ ಅಕ್ಕನ ಬಲಗೈ ಮಡಿಲಿನಿಂದ ಎದ್ದಿತು. ಗಾಳಿಯಲ್ಲಿ ಗೂಟ ಹಿಡಿದು ಬೀಸುಕಲ್ಲು ತಿರುವತೊಡಗಿತು. ಅಷ್ಟರಲ್ಲಿ ಕೈ ತಟ್ಟನೆ ನಿಂತಿತು, ಹುಬ್ಬು ಗಂಟಾಯಿತು. ನಾನು ನನ್ನ ಕಿವಿಯ ಹತ್ತಿ ತೆಗೆದೆ.

"ನಿಲ್ಲಸ್ರಿ ಅದನ್ನ."

ಸಾವ್ಕಾರ್ರ ಮುಖ ಬೂದಿಯಾಯಿತು. ಟೇಪು ನಿಲ್ಲಿಸಿ, ಬಗ್ಗಿ, ದಪ್ಪ ದನಿಯಲ್ಲಿ ಕೇಳಿದರು: "ಕೇಳಲಿಲ್ಲೇನು?"

"ಕೇಳಿಸ್ತು. ತಪ್ಪು ನುಡಿಸೀರಿ."

"ತಪ್ಪು?"

"ನಮ್ಮವ್ವ ಎತ್ತಿದ್ದು ಬರೋಬ್ಬರಿ ಐತಿ. ನಾನು ಹಿಡಿದದ್ದೂ ಬರೋಬ್ಬರಿ ಐತಿ. ಖರೆ ಮೂರನೇ ಸಾಲಿಗೆ ಹಿಂಗ ಓಡಬಾರ್ದು. ಅಲ್ಲಿ ಒಂದೀಟು ನಿಲ್ಬೇಕು. ಕಾಳು ಯಾವಾಗ ಹಾಕ್ಬೇಕು ಮತ್ತ? ಕಾಳು ಹಾಕ್ದs ತಿರುವಿದ್ರ ಹಿಟ್ಟು ಎಲ್ಲಿಂದ ಬರ್ತೈತಿ?"

ಸಾವ್ಕಾರ್ರು ನಾಗಲದಿನ್ನೆಗೆ ಅಳಿಯನಾಗಿ ಹೋದಾಗ ಕಟ್ಟೆಯ ಮೇಲೆ ಕೂತು, ಗೋಡೆಯ ಆಚೆಯಿಂದ ಕೇಳಿದ ಹಾಡು ಅದು. ಆ ಒಂದು ಗಳಿಗೆಯ ಮೌನದಲ್ಲಿ ಒಳಗೆ ಹೆಂಗಸರು ಕಲ್ಲಿನ ಬಾಯಿಗೆ ಹಿಡಿ ಜೋಳ ಸುರಿಯುತ್ತಿದ್ದರು ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಹಾಡುವವಳು ಉಸಿರು ತಗೊಂಡಳು ಎಂದು ತಿಳಿದು ಅದನ್ನು ಬಿಟ್ಟು ನುಡಿಸಿದ್ದರು. ಈಗ ತೆಗೆಯಲೂ ಬಾರದು, ಸೇರಿಸಲೂ ಬಾರದು. ನಾಳೆ ಬಂಡಿ ಬರುತ್ತದೆ. ಎರಡು ವರ್ಷ ಮಣ್ಣುಪಾಲಾಯಿತಲ್ಲ! ಸಾವ್ಕಾರ್ರನ್ನು ನೋಡಿದರೆ, ಅವರು ನಗುತ್ತಿದ್ದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ನಗುತ್ತಿದ್ದರು.

"ತಪ್ಪು ಕೇಳಿಸ್ತಂತ್ರಿ ಟೀಚರಮ್ಮ! ತಪ್ಪು ಸೈತ ಕೇಳಿಸ್ತಂತ ಆಕಿಗೆ!"

ಆಮೇಲೆ ಅಕ್ಕನ ಮುಂದೆ ಮಂಡಿಯೂರಿ ಕೂತರು. "ಹಂಗಾದ್ರ ಹೆಂಗ ಐತಿ ಅದು? ತೋರ್ಸು ನೋಡಾನು."

"ಇಷ್ಟು ವರ್ಷಾದ್ರೂ ಕಲೀಲಿಲ್ಲಲ್ರಿ ನೀವು" ಎಂದು ಅಕ್ಕ ಬೈದರು. ಬೈಯುತ್ತಲೇ ಗಾಳಿಯ ಗೂಟವನ್ನು ಮತ್ತೆ ಹಿಡಿದರು. ಬಾಯಿ ತೆರೆದರು. ತುಕ್ಕು ಹಿಡಿದ ದನಿ, ಎರಡು ಕಡೆ ಒಡೆಯಿತು. ಆದರೂ ಅವ್ವನ ಸಾಲು ಎತ್ತಿದರು, ತಾವೇ ಹಿಡಿದು ತಿರುಗಿಸಿದರು. ಮೂರನೆಯ ಸಾಲಿಗೆ ಬಂದು ನಿಂತರು. ಎಡಗೈ ಕಾಣದ ಕಾಳನ್ನು ಹಿಡಿಯಷ್ಟು ಎತ್ತಿ ಹಾಕಿತು.

ಆ ಮೌನದಲ್ಲಿ ಸಾವ್ಕಾರ್ರು ಎರಡೂ ಕಿವಿಯ ಹತ್ತಿ ಕಿತ್ತು ನೆಲಕ್ಕೆ ಹಾಕಿದರು. ಅಕ್ಕ ಮತ್ತೆ ಹಾಡತೊಡಗಿದರು.